ಶಂಕ್ರಪ್ಪನ ಮೊದಲ ಸೇರು

ಕಮತಗಿಯ ಶಂಕ್ರಪ್ಪನಿಗೆ ಹೊಲ ಇದ್ದದ್ದು ಅಷ್ಟಕ್ಕಷ್ಟೇ. ಆದರೆ ಯಾರ ಕಣದಲ್ಲಿ ಜೋಳದ ರಾಶಿ ಹಾಕಿದರೂ ಮೊದಲ ಸೇರು ತುಂಬಲು ಅವನೇ ಬರಬೇಕು. ಅವನ ಕೈಗುಣ ಹಾಗಿತ್ತು, ಇಲ್ಲವೇ ಹಾಗೆಂದು ಜನ ನಂಬಿದ್ದರು; ಎರಡೂ ಒಂದೇ ಬಿಡಿ. ಯಂತ್ರ ಬಂದು ಕಾಳನ್ನು ನೇರ ಚೀಲಕ್ಕೇ ಸುರಿಯತೊಡಗಿದ ಮೇಲೂ ಶಾಸ್ತ್ರಕ್ಕೆಂದು ಐದಾರು ಸೇರು ಅವನ ಕೈಯಿಂದಲೇ ಅಳೆಸುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿಕೊಂಡು, ಚಪ್ಪಲಿ ಆಚೆ ಬಿಟ್ಟು ರಾಶಿಯ ಮುಂದೆ ಕೂತನೆಂದರೆ ಎಂಥ ಬಾಯಿಬಡುಕರೂ ಸುಮ್ಮನಾಗುತ್ತಿದ್ದರು.

ಅಂಥವನಿಗೆ ಹೋದ ಮಳೆಗಾಲದಲ್ಲಿ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಏನು ಕೇಳಿದರೂ ಒಮ್ಮೆ ತಲೆಯಾಡಿಸಿದರೆ ಇನ್ನೊಮ್ಮೆ ಸುಮ್ಮನೆ ಕಣ್ಣೀರು ಹಾಕುತ್ತಿದ್ದ. ಬಾಗಲಕೋಟೆಯ ಡಾಕ್ಟರು ಮಗ ಶಿವಪ್ರಕಾಶನನ್ನೂ ಮಗಳು ಶಿವಗಂಗಾಳನ್ನೂ ಕರೆದು, "ಮಾತು ಹೋಗೇತಿ. ಬುದ್ಧಿ ಎಷ್ಟು ಉಳದೈತಿ ಅಂತ ಈಗ ಹೇಳಾಕ ಬರಂಗಿಲ್ಲ. ದಿನಾ ಸಣ್ಣ ಲೆಕ್ಕ ಮಾಡಾಕ ಹಚ್ರಿ, ತಿಳೀತೈತಿ" ಎಂದರು.

ಶಿವಗಂಗಾ ಆಗ ಹುನಗುಂದದಲ್ಲಿ ಅಫ್ಸರ ಸರ್ ನಡೆಸುವ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಪ್ರೋಗ್ರಾಂ ಬರೆಯುವುದನ್ನು ಆಗಷ್ಟೇ ಹಿಡಿದಿದ್ದಳು. ಮೂವತ್ತು ದಾಟಿದ ಮೇಲೆ ಕಲಿಯುವವರ ಹುರುಪೇ ಬೇರೆ, ಕಲಿತದ್ದನ್ನೆಲ್ಲ ಅಂದೇ ಎಲ್ಲಾದರೂ ಹಚ್ಚಿ ನೋಡಬೇಕು. ಅಪ್ಪನಿಗಾಗಿ ಮೊಬೈಲಿನಲ್ಲಿ ನಡೆಯುವ ಒಂದು ಸಣ್ಣ ಪ್ರೋಗ್ರಾಂ ಮಾಡಿದಳು. ಪರದೆಯ ಮೇಲೆ ಜೋಳದ ರಾಶಿ, ಪಕ್ಕದಲ್ಲಿ ತುಂಬಿದ ಸೇರು, ಕೆಳಗೆ 'ಎಷ್ಟು ಸೇರು?' ಎಂಬ ಪ್ರಶ್ನೆ. ಮೊದಲ ಚಿತ್ರದಲ್ಲಿ ಒಂದು ಸೇರು, ಎರಡನೆಯದರಲ್ಲಿ ಎರಡು, ಹೀಗೆ ಹತ್ತರವರೆಗೆ. ಕೆಳಗಿನ ಖಾಲಿ ಜಾಗದಲ್ಲಿ ಬೆರಳಿನಿಂದ ಬರೆದರೆ ಸಾಕು. ಅಪ್ಪನಿಗೆ ರಾಶಿಯೆಂದರೆ ಜೀವ, ಅದನ್ನು ನೋಡಿಯಾದರೂ ಮನಸ್ಸು ಅರಳೀತು ಎಂಬ ಆಸೆ ಅವಳದು.

ಅಫ್ಸರ ಸರ್ ನೋಡಿ ಮೆಚ್ಚಿದರು. "ಆದ್ರ ಎದುರಿಗಿದ್ದವ್ರು ಏನರ ಬರೀತಾರವಾ, ನಂಬಬ್ಯಾಡ. ಅಂಕಿ ಅಲ್ಲದ್ದು ಬಂದ್ರ ಅಳಿಸಿ ಒಗಿ, ತಪ್ಪು ಅಂತ ಹೇಳಿ ತಿರುಗಿ ಕೇಳು" ಎಂದರು. ಅವಳು ಹಾಗೆಯೇ ಬರೆದಳು. ಅಂಕಿ ಬರುವ ತನಕ ಮುಂದಿನ ಚಿತ್ರ ಬರುವಂತಿಲ್ಲ.

ಮಗಳು ನೋಡುತ್ತ ಕೂತರೆ ಶಂಕ್ರಪ್ಪ ನಾಚಿ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಅದಕ್ಕೇ ಅವಳು ಮೊಬೈಲನ್ನು ಅವನ ತೊಡೆಯ ಮೇಲಿಟ್ಟು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕಿವಿಗೊಡುತ್ತಿದ್ದಳು. ಬೀಪ್ ಎನ್ನುತ್ತಿತ್ತು, ಅಂದರೆ ತಪ್ಪು. ಸ್ವಲ್ಪ ಹೊತ್ತಿಗೆ ಮತ್ತೆ ಬೀಪ್. ಬಂದು ನೋಡಿದರೆ ಅದೇ ಮೊದಲ ಚಿತ್ರ, ಕೆಳಗೆ ಖಾಲಿ ಜಾಗ. "ಅಪ್ಪಾ, ಒಂದ ಸೇರು ನೋಡು, ಒಂದ" ಎಂದು ಕೂಸಿಗೆ ಹೇಳುವ ಹಾಗೆ ಹೇಳಿಕೊಟ್ಟಳು. ಅವನು ಅವಳ ಮುಖ ನೋಡಿದ, ಮತ್ತೆ ಎಡಗೈ ಬೆರಳು ಆಡಿಸಿದ, ಮತ್ತೆ ಬೀಪ್. ಎಷ್ಟೋ ದಿನ ಇದೇ ನಡೆಯಿತು. ಕೊನೆಗೊಮ್ಮೆ ಅವನು ಮೊಬೈಲನ್ನು ಮೆಲ್ಲಗೆ ಬದಿಗೆ ಸರಿಸಿ ಗೋಡೆಯ ಕಡೆ ತಿರುಗಿ ಮಲಗಿದ.

"ಒಂದು ಅನ್ನೂದೂ ಉಳದಿಲ್ಲೋ ಅಣ್ಣಾ" ಎಂದು ಶಿವಗಂಗಾ ಅತ್ತಳು. ಅವಳ ಮಾತೇ ತೀರ್ಪಾಯಿತು. ಅಲ್ಲಿಂದ ಮುಂದೆ ಶಂಕ್ರಪ್ಪನನ್ನು ಯಾರೂ ಏನೂ ಕೇಳಲಿಲ್ಲ. ಉಣಿಸಿದರು, ತೊಳೆದರು, ಹೊದಿಸಿದರು. ಅದರಲ್ಲಿ ಕೊರತೆ ಮಾಡಲಿಲ್ಲ. ಆದರೆ ಮನೆಯ ಮಾತೆಲ್ಲ ಅವನ ತಲೆಯ ಮೇಲೆಯೇ ಹಾದುಹೋಗತೊಡಗಿತು. ಒಂದು ದಿನ ಅವನ ಹಾಸಿಗೆಯ ಪಕ್ಕದಲ್ಲೇ ಚಹಾ ಕುಡಿಯುತ್ತ ಶಿವಪ್ರಕಾಶ, "ಅವ್ವನ ಸಮಾಧಿ ಬಾಜೂಕ ಪಂಪಿನ ಕೋಲಿ ಕಟ್ಟಸ್ತೇನಿ. ಬೋರು ಅಲ್ಲೇ ಐತಿ, ಮತ್ತೆಲ್ಲಿ ಕಟ್ಟೂದು? ಅಪ್ಪಗ ನಾಳೆ ಮಣ್ಣು ಕೊಡಾಕ ಹೊಲದ ಕೆಳಗಿನ ಮೂಲಿ ಆದೀತು" ಎಂದ. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಶಿವಗಂಗಾ ಹೂಂ ಎಂದಳು.

ಬೇಸಿಗೆಗೆ ಮುಂಚೆ ಅವರ ಹೊಲದ ಜೋಳ ರಾಶಿಗೆ ಬಂತು. ಅಪ್ಪನ ಬದಲು ಸೋದರಮಾವ ಶಂಕರಲಿಂಗ ಸೇರು ಹಿಡಿದು ಕೂತ. ಮೊದಲ ಸೇರು ತುಂಬಿ ಚೀಲಕ್ಕೆ ಸುರಿಯುತ್ತ "ಲಾಭ" ಎಂದ. ಆಮೇಲೆ ಎರಡು, ಮೂರು. ರಾಶಿಯ ಮುಂದೆ ಒಂದು ಎನ್ನಬಾರದು, ಎಂದರೆ ಹುಲುಸು ಹೋಗುತ್ತದೆ. ಆ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ. ಶಿವಗಂಗಾಳಿಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತಿತ್ತು. ಕೈಯಲ್ಲಿದ್ದ ಬುಟ್ಟಿ ಅಲ್ಲೇ ಬಿಟ್ಟು ಅವಳು ಮನೆಗೆ ಓಡಿದಳು.

ರಾಶಿಯ ಚಿತ್ರ ಬರೆದವಳು ಅವಳು. ಅದರ ಮುಂದೆ ಅಪ್ಪ ಏನು ಬರೆದಾನು? ಬರೆದದ್ದನ್ನೆಲ್ಲ ಅಳಿಸಿ ಹಾಕುವಂತೆ ಮಾಡಿದವಳೂ ಅವಳೇ. ಒಂದು ಸಲ, ಒಂದೇ ಸಲ ಎರಡನೆಯ ಚಿತ್ರಕ್ಕೆ ಬಿಟ್ಟಿದ್ದರೆ ಎರಡು ಎಂದು ಬರೆದು ತೋರಿಸುತ್ತಿದ್ದನಲ್ಲ! ಮನೆಯ ಹುಲುಸು ಕೆಡಬಾರದೆಂದು ತಪ್ಪು ಅನ್ನಿಸಿಕೊಳ್ಳುತ್ತ ಕೂತವನನ್ನು ಬುದ್ಧಿ ಹೋದವನೆಂದು ಮೂಲೆಗೆ ಹಾಕಿದ್ದರು.

"ಅಪ್ಪಾ, ನೀ ಲಾಭ ಅಂತ ಬರೀತಿದ್ದೇನು?"

ಶಂಕ್ರಪ್ಪ ಅವಳ ಕಡೆ ಹೊರಳಿದ. ಆಮೇಲೆ ಹೌದೆಂದು ತಲೆಯಾಡಿಸಿದ.

ಅವಳು ಅವನ ಕಾಲು ಹಿಡಿದುಕೊಂಡು ಅತ್ತಳು. ಮೊಬೈಲಿನಲ್ಲಿ ಖಾಲಿ ಪುಟ ತೆರೆದು, "ತಪ್ಪಾತು ಅಪ್ಪಾ. ಈಗ ನಿನಗ ಬೇಕಾದ್ದು ಬರಿ, ಇದು ಏನೂ ಅಳಸಂಗಿಲ್ಲ" ಎಂದಳು. ಅವನ ಬೆರಳು ಎಲ್ಲೆಲ್ಲೋ ಹರಿದಾಡಿತು. ಒಂದೊಂದೇ ಅಕ್ಷರ ಮೂಡಿತು. 'ನಿಮ್ಮವ್ವನ ಬಾಜೂಕ ಜಾಗಾ ಐತೇನು?'

ಅವ್ವನ ಸಮಾಧಿಯ ಪಕ್ಕದ ಪಂಪಿನ ಕೋಣೆಗೆ ಆಗಲೇ ಸ್ಲ್ಯಾಬು ಬಿದ್ದಿತ್ತು. ಅಂದು ಮುಂಜಾನೆ ರಾಶಿಗೆ ಹೋದವಳು ಅದರ ನೆರಳಿನಲ್ಲೇ ಬುತ್ತಿ ಇಟ್ಟು ಬಂದಿದ್ದಳು.

"ಐತಿ ಅಪ್ಪಾ" ಎಂದಳು ಶಿವಗಂಗಾ.

ಆ ದಿನ ಹಾಸಿಗೆಯ ಪಕ್ಕ ಆಡಿದ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಶಂಕ್ರಪ್ಪ ಎಡಗೈಯಿಂದ ಮಗಳ ತಲೆ ಸವರಿದ.