ಹಿನ್ನೀರಿನ ಪಾತಾಳಗರಡಿ

ನರಸಿಂಹರಾಜಪುರದ ವೆಲ್ಡರ್ ರೇಣುಕಪ್ಪನಿಗೆ ಇದ್ದದ್ದು ಒಂದೇ ಜಂಬ. ತಾನು ಮಾಡಿದ್ದು ಯಾರು ಎಳೆದರೂ ಜಗ್ಗುವುದಿಲ್ಲ! ಬಾವಿಗೆ ಬಿದ್ದ ಕೊಡಪಾನ ಎತ್ತುವ ಕೊಕ್ಕೆಗಳ ಗೊಂಚಲು, ಪಾತಾಳಗರಡಿ, ಅದನ್ನಂತೂ ಅವನಷ್ಟು ಗಟ್ಟಿಯಾಗಿ ಮಾಡುವವರೇ ಇರಲಿಲ್ಲ.

ಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವ ಪುಟ್ಟಕ್ಕ ಅದನ್ನೇ ಕೇಳಿಕೊಂಡು ಬಂದಳು. ಅವಳ ಬಲೆ ನೀರಿನಡಿ ಸಿಕ್ಕಿಹಾಕಿಕೊಂಡಿತ್ತು.

"ಹೊಸ ಬಲೆ ತಗಂಡ್ರೆ ಆಯ್ತಲ್ಲ ಪುಟ್ಟಕ್ಕ?"

"ತಗಳ್ಬೋದು ರೇಣುಕಣ್ಣ. ಆದ್ರೆ ಅದ್ರಲ್ಲಿ ಮೀನು ಬೀಳ್ತಾನೇ ಅದಾವೆ, ಅಲ್ಲೇ ಕೊಳೀತಾವೆ. ಮಾರಿ ಹೊಟ್ಟೆ ಹೊರ್ಕಳದು ಬೇರೆ. ಇದು ಯಾರಿಗೂ ಬೇಡದ ಸಾವು. ನಂಗೆ ಊಟ ಸೇರ್ತಿಲ್ಲ."

"ಅಡೀಲಿ ಎಂತ ಅದೆ?"

"ಕಾಡು. ಡ್ಯಾಮ್ ಕಟ್ದಾಗ ಮುಳುಗಿದ ಮರದ ಬುಡ ಎಲ್ಲ ಹಂಗೇ ಅದಾವೆ."

ಹುಟ್ಟಿದಾಗಿನಿಂದ ಆ ನೀರನ್ನು ನೋಡಿದವನಿಗೆ ಅಡಿಯಲ್ಲೊಂದು ಕಾಡಿದೆ ಎಂಬುದು ಹೊಳೆದೇ ಇರಲಿಲ್ಲ. ಅದನ್ನು ಮುಟ್ಟಿ ನೋಡುವ ಹುಚ್ಚು ತಲೆಗೇರಿತು. ಗೇಟಿನ ದಪ್ಪ ಸರಳು ಬಗ್ಗಿಸಿ ದೊಡ್ಡದೊಂದು ಪಾತಾಳಗರಡಿ ಮಾಡಿ, ತಾನೇ ಪುಟ್ಟಕ್ಕನ ತೆಪ್ಪ ಹತ್ತಿದ.

ಕೊಕ್ಕೆ ಹಿಡಿಯಿತು. ಆದರೆ ಹಿಡಿದದ್ದು ಬಲೆಯನ್ನಲ್ಲ, ಬುಡವನ್ನು. ಗಾಳಿ ಒಂದು ಕಡೆ, ಹಗ್ಗ ಇನ್ನೊಂದು ಕಡೆ ಎಳೆದು ತೆಪ್ಪ ವಾಲಿತು, ನೀರು ಒಳಗೆ ನುಗ್ಗಿತು.

"ಹಗ್ಗ ಕೊಯ್ಯಿ ಮಾರಾಯ!" ಎಂದು ಪುಟ್ಟಕ್ಕ ಕಿರುಚಿದಳು. ಕೊಯ್ದ. ಅವನ ಜೀವಮಾನದ ಅತಿ ಗಟ್ಟಿ ಕೆಲಸ ನೀರುಪಾಲಾಯಿತು.

ಅಂಗಡಿಯಲ್ಲಿ ಮುಖ ಊದಿಸಿಕೊಂಡು ಕೂತಾಗ ತಪ್ಪು ತಿಳಿಯಿತು. ಬಾವಿಯಲ್ಲಿ ಮರದ ಬುಡ ಎಲ್ಲಿರುತ್ತದೆ? ಇಲ್ಲಿ ಕೊಕ್ಕೆ ಬಲೆಯನ್ನು ಎತ್ತಬೇಕು, ಬುಡಕ್ಕೆ ಸೋಲಬೇಕು. ಯಾವತ್ತೂ ಮೂಸಿ ನೋಡದ ಸಣ್ಣ ಸರಳುಗಳನ್ನು ತಂದ. ಒಂದೊಂದನ್ನೂ ಕೊಕ್ಕೆಯಾಗಿ ಬಗ್ಗಿಸಿ, ಅದರಿಂದ ಒದ್ದೆ ಗೋಣಿಚೀಲಗಳ ಹೊರೆ ಎತ್ತಿ ನೋಡಿದ, ಹಿತ್ತಲಿನ ಹಲಸಿನ ಬೇರಿಗೆ ಸಿಕ್ಕಿಸಿ ಎಳೆದ. ಹೊರೆ ತಡೆದು, ಬೇರಿಗೆ ಸಿಕ್ಕಾಗ ಮಾತ್ರ ನೆಟ್ಟಗಾಗುವ ಸರಳು ಕೊನೆಗೂ ಸಿಕ್ಕಿತು.

"ಎಂತ ರೇಣುಕಪ್ಪ, ನಿನ್ ಕೆಲ್ಸನೂ ಜಗ್ಗೋಕೆ ಶುರುವಾಯ್ತಾ?" ಎಂದು ಪಕ್ಕದ ಅಂಗಡಿಯ ಸುಬ್ರಾಯ ನಕ್ಕ. ರೇಣುಕಪ್ಪನಿಗೆ ಅವಮಾನವಾಯಿತು, ಆದರೂ ಮತ್ತೆ ತೆಪ್ಪ ಹತ್ತಿದ.

ಕೊಕ್ಕೆ ಎರಡು ಸಲ ಬುಡಕ್ಕೆ ಸಿಕ್ಕು ನೆಟ್ಟಗಾಗಿ ಬರಿದೇ ಮೇಲೆ ಬಂತು. ಎರಡು ಸಲವೂ ಬಗ್ಗಿಸಿ ಮತ್ತೆ ಇಳಿಬಿಟ್ಟ. ಆಮೇಲೆ ಹಗ್ಗ ಭಾರವಾಯಿತು. ನಾತ ಮೊದಲು ಬಂತು, ಹಿಂದೆಯೇ ಬಲೆ. ಒಂದು ಮೀನು ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. ಬದುಕಿಡೀ ಮೀನು ಮಾರಿದ ಪುಟ್ಟಕ್ಕ ಅದನ್ನು ಬಿಡಿಸಿ ನೀರಿಗೆ ಬಿಟ್ಟು ಕಣ್ಣೊರೆಸಿಕೊಂಡಳು.

"ನಿನ್ನ ಮೊದಲ್ನೇ ಪಾತಾಳಗರಡೀನೂ ಎತ್ತನಾ?" ಎಂದಳು.

"ಅದು ಬುಡ ಬಿಡಲ್ಲ ಪುಟ್ಟಕ್ಕ, ನಾನು ಮಾಡಿದ್ದಲ್ವಾ," ಎಂದ ರೇಣುಕಪ್ಪ. ಆಮೇಲೆ ನೀರನ್ನೇ ನೋಡುತ್ತ ಕೇಳಿದ: "ಇನ್ನೆಲ್ಲೆಲ್ಲಿ ಹಿಂಗೆ ಸಿಕ್ಕಿಬಿದ್ದ ಬಲೆ ಅದಾವೆ, ತೋರ್ಸು."