ಖಾಲಿ ಹುದ್ದೆಯಲ್ಲಿ ಕೂತಿದ್ದವರು

ಅರ್ಜಿ ಶುಲ್ಕದ ಒಂದು ಡಿಡಿ, ಇಬ್ಬರ ಬಸ್ ಚಾರ್ಜು, ಎರಡು ದಿನ ಬಾಗಿಲು ಹಾಕಿದ ನನ್ನ ಶೇಂಗಾ ಮಂಡಿ. ಇಷ್ಟೂ ಖರ್ಚು ಒಂದು ಕುರ್ಚಿ ನೋಡುವುದಕ್ಕೆ!

ಕುರ್ಚಿ ಎಂದರೆ ವಿಶ್ವವಿದ್ಯಾಲಯದ ಸಹಾಯಕ ಗ್ರಂಥಪಾಲಕರ ಹುದ್ದೆ. ಅರ್ಜಿ ಹಾಕಿದ್ದು ಪರಶುರಾಂಪುರದ ನನ್ನ ಅಕ್ಕನ ಮಗಳು ಮಂಜುಳ. ಎಂ.ಲಿಬ್ ಮುಗಿಸಿ ಮೂರು ವರ್ಷದಿಂದ ಮನೆಯಲ್ಲಿದ್ದಳು. ಈ ಸಲ ಕೆಲಸ ಸಿಗದಿದ್ದರೆ ಮದುವೆ ಎಂದು ಅಕ್ಕ ಹೇಳಿಬಿಟ್ಟಿದ್ದಳು.

ಚೀಲಕ್ಕೆ ಕೈ ಹಾಕಿ, ಕಾಯಿ ಒಡೆದು ನೋಡದೆ ನಾನು ಎಂದೂ ರೇಟು ಹೇಳಿದವನಲ್ಲ. (ಚಳ್ಳಕೆರೆಯಲ್ಲಿ ಹಾಗೆ ಹೇಳಿದವರ ಮಂಡಿಗಳಿಗೆ ಈಗ ಬೀಗ.) ಹಾಗಾಗಿ ಸಂದರ್ಶನದ ಹಿಂದಿನ ದಿನವೇ ಅವಳನ್ನು ಕರೆದುಕೊಂಡು ಆ ಗ್ರಂಥಾಲಯ ನೋಡಲು ಹೋದೆ.

ಹೊರಗೆ ಸುಡುವ ಮಧ್ಯಾಹ್ನ, ಒಳಗೆ ಮುಸ್ಸಂಜೆ. ಕಪಾಟುಗಳ ಕೊನೆಯಲ್ಲಿ ಒಬ್ಬರೇ ಕೂತು ಕಾರ್ಡು ಜೋಡಿಸುತ್ತಿದ್ದರು. ನಮ್ಮ ಪಿಸುಮಾತು ಕೇಳಿಸಿತೇನೋ, ತಲೆಯೆತ್ತದೆ ಅಂದರು:

"ಚಳ್ಳಕೆರೆ ಕಡೆಯೋರಾ? ಕುಂತ್ಕಳ್ರಿ. ನಮ್ದು ಮೊಳಕಾಲ್ಮೂರು. ಓಬಳೇಶ ಅಂತ."

ಒಂದು ಗಂಟೆ ಅವಳಿಗೆ ಪಾಠ ಮಾಡಿದರು. ನಾಳೆ ಏನು ಕೇಳುತ್ತಾರೆ, ಏನು ಹೇಳಬೇಕು. ಅವಳು ಕೇಳಿದ ಪುಸ್ತಕವನ್ನು ಕಪಾಟಿನತ್ತ ನೋಡದೆಯೇ ಕೈ ಚಾಚಿ ತೆಗೆದರು.

"ಎಷ್ಟು ವರ್ಷದ ಸರ್ವೀಸು ಸಾರ್?" ಎಂದೆ.

"ಹದಿನಾರು." ಮೇಜಿನ ಕಾಲಿಗೆ ಬಿಳಿ ಪೇಂಟಿನಲ್ಲಿ ಬರೆದ ನಂಬರ್ ತೋರಿಸಿ ನಕ್ಕರು. "ಈ ಟೇಬಲ್‌ಗೆ ನಂಬರ್ ಐತೆ. ಕುರ್ಚಿಗೂ ಐತೆ. ನನಗೊಬ್ಬನಿಗೆ ಇಲ್ಲ ನೋಡ್ರಿ."

ತಮಾಷೆ ಎಂದುಕೊಂಡೆ.

ಹೊರಗೆ ಬಂದು ಕಚೇರಿಯ ಗುಮಾಸ್ತರನ್ನು ಕೇಳಿದೆ: "ಓಬಳೇಶಪ್ಪೋರು ರಿಟೈರ್ ಆಗ್ತಾರಾ? ಅವರ ಜಾಗಕ್ಕೇನಾ ಈ ಪೋಸ್ಟು?"

"ಯಾವ ಓಬಳೇಶಪ್ಪ?"

"ಒಳಗೆ, ಕೊನೇ ಟೇಬಲ್ಲಲ್ಲಿ ಕುಂತವ್ರಲ್ಲ."

ಹಾಜರಿ ಪುಸ್ತಕ ತಿರುಗಿಸಿ ತೋರಿಸಿದರು. "ಅಲ್ಲಿ ಯಾರೂ ಇಲ್ಲ ರೀ. ಆ ಪೋಸ್ಟು ಹದಿನಾರು ವರ್ಷದಿಂದ ಖಾಲಿ."

ಮಂಜುಳ ನನ್ನ ಅಂಗಿಯ ತೋಳು ಹಿಡಿದುಕೊಂಡಳು. ತಿರುಗಿದರೆ, ಗ್ರಂಥಾಲಯದ ಕಿಟಕಿಯಲ್ಲಿ ಕಾರ್ಡು ಜೋಡಿಸುವ ಎರಡು ಕೈ.

"ಮತ್ತೆ ಆ ಕೈ ಯಾರವು ರೀ?"

"ಓ, ಅವನಾ! ದಿನಗೂಲಿ. ರೆಕಾರ್ಡಲ್ಲಿ ಬರಲ್ಲ."

(ದೆವ್ವವಲ್ಲ ಎಂದು ನಿಮಗೆ ಸಮಾಧಾನವಾಯಿತೇ? ನನಗಾಗಲಿಲ್ಲ.)

ಮರುದಿನ ಸಂದರ್ಶನದಲ್ಲಿ ಓಬಳೇಶಪ್ಪ ಹೇಳಿಕೊಟ್ಟ ಪ್ರಶ್ನೆಗಳೇ ಬಂದವು. ತಿಂಗಳಾದ ಮೇಲೆ ಪತ್ರವೂ ಬಂತು: ಹುದ್ದೆಯನ್ನು ಸದ್ಯಕ್ಕೆ ತುಂಬುವುದಿಲ್ಲ, ಬೇಕಿದ್ದರೆ ದಿನಗೂಲಿಯ ಮೇಲೆ ಬರಬಹುದು. ಅಕ್ಕ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಎಸ್‌ಟಿಡಿ ಬೂತಿಗೆ ಓಡಿ ಗುಮಾಸ್ತರಿಗೆ ಫೋನ್ ಮಾಡಿದೆ.

"ಅಲ್ಲ ಸ್ವಾಮಿ, ಆ ಜಾಗದಲ್ಲಿ ಓಬಳೇಶಪ್ಪೋರು ಇದ್ರಲ್ಲ?"

"ಯಾವ ಓಬಳೇಶಪ್ಪ? ಅಲ್ಲಿ ಯಾರೂ ಇಲ್ಲ ರೀ." ಅದೇ ದನಿ. "ಟೇಬಲ್ ಒರೆಸಿಟ್ಟಿದ್ದೀವಿ. ನಿಮ್ಮ ಹುಡುಗಿ ಯಾವತ್ತು ಬರ್ತಾಳೆ?"

ಚೌಕಾಸಿ ಮಾಡಿದೆ. ಸಂಬಳ ಕಡಿಮೆ ಕೊಡಿ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಗೆ ಒಂದು ಸಾಲು ಕೊಡಿ ಎಂದೆ. ಸಂಬಳ ಬೇಕಾದರೆ ಜಾಸ್ತಿ ಮಾಡಿಸೋಣ, ಸಾಲು ಮಾತ್ರ ಆಗುವುದಿಲ್ಲ ಎಂದರು. ಮೂವತ್ತು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿ ನೋಡಿರಲಿಲ್ಲ.

ಮಂಜುಳ ಪತ್ರ ಮಡಚಿಟ್ಟಳು. "ಬ್ಯಾಡ ಮಾವ. ಅಲ್ಲಿ ಕುಂತ್ರೆ ನಾನೂ ಯಾರಿಗೂ ಕಾಣಲ್ಲ."

ಅವಳು ಈಗಲೂ ಅರ್ಜಿ ಹಾಕುತ್ತಿದ್ದಾಳೆ. ಸಿಕ್ಕ ಕೆಲಸ ತಪ್ಪಿಸಿದೆನೆಂದು ಅಕ್ಕ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ.

ನೀವೂ ಅರ್ಜಿ ಹಾಕಿ, ಧಾರಾಳವಾಗಿ ಹಾಕಿ. ಆದರೆ ಸೇರುವ ದಿನ ಮೊದಲು ಹಾಜರಿ ಪುಸ್ತಕ ಕೇಳಿ. ಅದರಲ್ಲಿ ನಿಮ್ಮ ಸಹಿಗೆ ಜಾಗವಿಲ್ಲದಿದ್ದರೆ, ಒರೆಸಿಟ್ಟ ಆ ಕುರ್ಚಿಯಲ್ಲಿ ಒಂದು ನಿಮಿಷವೂ ಕೂರಬೇಡಿ.