ಅಡ್ಡಿ ಇದ್ದರೆ ಕೆಳಗೆ ಬರೆಯಿರಿ

ಸುನೀತಾಳ ಮದುವೆ ನಾನು ಟೈಪ್ ಮಾಡಿದ ಒಂದು ಸಾಲಿನಿಂದ ನಿಂತುಹೋಗುವುದರಲ್ಲಿತ್ತು.

ಸೈಬರ್ ಕೆಫೆಗಳ ಕಾಲದ ಮಾತು. ಸಿಂದಗಿ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ, ಅದರಲ್ಲಿ ಎರಡು ಇಂಟರ್ನೆಟ್ ಕಂಪ್ಯೂಟರ್. ಅಷ್ಟರ ಬಲದ ಮೇಲೆ ನಮ್ಮ ಚರ್ಚಿನ ಕಂಪ್ಯೂಟರ್ ಸೇವೆಯೆಲ್ಲ ನಂದೇ. ಯಾರೂ ನೇಮಿಸಿರಲಿಲ್ಲ.

ಆಗ ಎಲ್ಲರೂ ಒಬ್ಬರಿಗೊಬ್ಬರು ಸ್ಕ್ರ್ಯಾಪ್ ಎಂದು ಸಂದೇಶ ಬರೆಯುತ್ತಿದ್ದ ವೆಬ್‌ಸೈಟ್ ನೆನಪಿದೆಯಲ್ಲ... ಅದರಲ್ಲಿ ಚರ್ಚಿಗೊಂದು ಕಮ್ಯುನಿಟಿ ತೆರೆದಿದ್ದೆ. ರವಿವಾರ ಚರ್ಚಿನ ಪೂಜೆಗೆ ಬರುವ ಮನೆಗಳು ಇಪ್ಪತ್ತಾರು. ಕಮ್ಯುನಿಟಿಗೆ ಸೇರಿದವರು ನೂರಾ ನಲವತ್ಮೂರು. ಉಳಿದವರು ಯಾರೆಂದು ನಾನು ಕೇಳಲಿಲ್ಲ. ಸಂಖ್ಯೆ ಏರುತ್ತಿತ್ತು, ಸಾಕು.

ನಮ್ಮಲ್ಲಿ ಮದುವೆಗೆ ಮೊದಲು ಮೂರು ರವಿವಾರ ಪೂಜೆಯಲ್ಲಿ ಗಂಡು ಹೆಣ್ಣಿನ ಹೆಸರು ಓದುತ್ತಾರೆ. ಅಡ್ಡಿ ಏನಾದರೂ ಗೊತ್ತಿದ್ದವರು ಫಾದರ್‌ಗೆ ತಿಳಿಸಬೇಕು ಎನ್ನುತ್ತಾರೆ. ಬುದ್ಧಿ ಬಂದಾಗಿನಿಂದ ಕೇಳಿದ್ದೇನೆ, ಹಾಗೆ ತಿಳಿಸಲು ಒಬ್ಬರೂ ಎದ್ದು ಹೋಗಿದ್ದು ನೋಡಿಲ್ಲ.

ಆ ರವಿವಾರ ನಮ್ಮ ಚರ್ಚಿನ ಹುಡುಗಿ ನರ್ಸ್ ಸುನೀತಾ ಮತ್ತು ಇಂಡಿ ಊರಿನ ವಿಲ್ಸನ್, ಇಬ್ಬರ ಹೆಸರು ಮೊದಲ ಸಲ ಓದಿದರು. ಪೂಜೆ ಮುಗಿದದ್ದೇ ಅಂಗಡಿಗೆ ಓಡಿ ಪ್ರಕಟಣೆ ಟೈಪ್ ಮಾಡಿ ಹಾಕಿದೆ.

ಕೊನೆಯ ಸಾಲನ್ನು ಸ್ವಲ್ಪ ಸುಧಾರಿಸಿದೆ. 'ಅಡ್ಡಿ ಗೊತ್ತಿದ್ದವರು ಕೆಳಗೆ ಬರೆಯಿರಿ.'

ಬರೆದರು.

ಗುಲಾಬಿ ಹೂವಿನ ಫೋಟೋ ಹಾಕಿಕೊಂಡ ಯಾರೋ ಒಬ್ಬರು. ಈ ಹುಡುಗಿಗೆ ಮುದ್ದೇಬಿಹಾಳದಲ್ಲಿ ಮೊದಲೇ ಒಂದು ನಿಶ್ಚಯವಾಗಿತ್ತು, ಯಾಕೆ ಮುರಿಯಿತು ವಿಚಾರಿಸಿ, ಎಂದು.

ಬುದ್ಧಿ ಇದ್ದವನು ಅಳಿಸುತ್ತಿದ್ದ. ನಾನು ಉತ್ತರ ಕೊಟ್ಟೆ: 'ದಯವಿಟ್ಟು ವಿವರ ತಿಳಿಸಿ.'

ಮರುದಿನಕ್ಕೆ ಹತ್ತೊಂಬತ್ತು ಕಾಮೆಂಟು! ಅಷ್ಟು ಎಂದೂ ಬಂದಿರಲಿಲ್ಲ. ನಿಜ ಹೇಳುತ್ತೇನೆ... ಎದೆ ಸ್ವಲ್ಪ ಉಬ್ಬಿತ್ತು.

ಬುಧವಾರ ಸುನೀತಾ ಡ್ಯೂಟಿ ಸೀರೆಯಲ್ಲೇ ಅಂಗಡಿಗೆ ಬಂದಳು. ಇಂಡಿಯಲ್ಲಿ ಗಂಡಿನ ಸೋದರಮಾವ ಅದನ್ನೆಲ್ಲ ಪ್ರಿಂಟ್ ತೆಗೆಸಿ ಮನೆಯವರೆದುರು ಓದಿದ್ದನಂತೆ. ಮದುವೆ ಸದ್ಯ ಬೇಡ ಎಂದು ಫೋನ್ ಬಂದಿತ್ತು.

"ಅಣ್ಣಾರ, ನೀವು ನನ್ನ ಮದಿವಿ ಪ್ರಕಟಣಿ ಹಾಕೀರೋ, ನನ್ನ ಮ್ಯಾಲ ಕೇಸ್ ಹಾಕೀರೋ?"

ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ನನಗೆ ಸಿಗುತ್ತಿತ್ತು.

ಅವಳೆದುರೇ ಎಲ್ಲ ಅಳಿಸಿದೆ. ಫಾದರ್ ಬಳಿ ಹೋಗಿ, ಅಳಿಸಿಬಿಟ್ಟೆ ಫಾದರ್, ಎಂದೆ.

"ಕಂಪ್ಯೂಟರಿನ್ಯಾಗ ಅಳಿಸೀದಿ. ಇಂಡ್ಯಾಗ ಯಾರು ಅಳಿಸಬೇಕೋ? ಮಂದಿ ಇಂಥಾದ್ದು ನನ್ನ ಕಿವ್ಯಾಗ ಹೇಳೂದು ಯಾಕಂತ ತಿಳಿದಿ? ಅದು ಅಲ್ಲೇ ಉಳೀಲಿ ಅಂತ. ಮುಂಜಾನಿ ಬಸ್ ಹತ್ತು!"

ಹತ್ತಿದೆ. ತಾಂತ್ರಿಕ ದೋಷ, ಕಿಡಿಗೇಡಿಗಳ ಕೆಲಸ... ಇಂಡಿ ಬರುವಷ್ಟರಲ್ಲಿ ಇಡೀ ಭಾಷಣ ತಯಾರು.

ವಿಲ್ಸನ್‌ನ ಅವ್ವ ಅಂಗಳದಲ್ಲಿ ಲಿಂಬೆಹಣ್ಣು ಆರಿಸುತ್ತ ಕೂತಿದ್ದಾರೆ. ನಾನು ಯಾರೆಂದು ಹೇಳಿದೆ. ತಲೆ ಎತ್ತಲಿಲ್ಲ.

"ನಿನಗ ಹೆಣ್ಮಕ್ಕಳು ಅದಾವೇನಪಾ?"

"ಇಬ್ಬರದಾರ್ರಿ ಅಮ್ಮಾರ."

"ಅವರ ಹೆಸರು ಬರದು, ಏನರ ಗೊತ್ತಿದ್ರ ಕೆಳಗ ಬರೀರಿ ಅಂತ ಊರ ಮಂದೀನ ಕರೀತಿದ್ದೇನು?"

ಭಾಷಣ ಅಲ್ಲಿಗೆ ಮುಗಿಯಿತು. "ತಪ್ಪು ನಂದರಿ, ಹುಡುಗೀದಲ್ಲ," ಎಂದಷ್ಟೇ ಬಾಯಿಂದ ಬಂತು.

ಆಗ ಒಳಗಿಂದ ವಿಲ್ಸನ್ ಬಂದ. "ಯವ್ವಾ, ಆ ನಿಶ್ಚಯ ಮುರದದ್ದು ಹೆಣ್ಣು ನೋಡಾಕ ಹೋದ ದಿನಾನ ಆಕಿ ನನಗ ಹೇಳ್ಯಾಳ. ನಿನಗ ಹೇಳಾಕ ನಾನ ಹೆದರಿದ್ದೆ."

ಅವ್ವ ಈಗ ತಲೆ ಎತ್ತಿದರು. ಮುಂದಿನ ಅರ್ಧ ಗಂಟೆಯ ಬೈಗುಳ ನಮ್ಮಿಬ್ಬರಿಗೆ ಸಮಪಾಲು ಆಯಿತು.

ಕೊನೆಗೆ ನನ್ನತ್ತ ಬೆರಳು ಮಾಡಿ ಹೇಳಿದರು, "ತಾರೀಖು ಅದ ಇರಲಿ. ಮದಿವ್ಯಾಗ ಇಂವನ ಕೈಯಾಗ ಕ್ಯಾಮೆರಾ ಮಾತ್ರ ಕೊಡಬ್ಯಾಡ್ರಿ."

ಎರಡನೇ ರವಿವಾರ ಫಾದರ್ ಮತ್ತೆ ಅವರಿಬ್ಬರ ಹೆಸರು ಓದಿದರು. ಈ ಮದುವೆಗೆ ಅಡ್ಡಿ ಏನಾದರೂ ಗೊತ್ತಿದ್ದವರು... ಎನ್ನುತ್ತಿದ್ದಂತೆ ಇಪ್ಪತ್ತಾರೂ ಮನೆಯವರು ತಿರುಗಿ ನನ್ನನ್ನೇ ನೋಡಿದರು.

ಇವತ್ತಿಗೂ ಚರ್ಚಿನ ಗ್ರೂಪಿಗೆ ಏನಾದರೂ ಹಾಕುವ ಮುಂಚೆ, ಹೆಸರಿದ್ದ ಜಾಗದಲ್ಲಿ ನನ್ನ ಮಗಳ ಹೆಸರಿಟ್ಟು ಒಮ್ಮೆ ಓದಿಕೊಳ್ಳುತ್ತೇನೆ. ಅರ್ಧಕ್ಕರ್ಧ ಅಲ್ಲೇ ಅಳಿಸಿಹೋಗುತ್ತದೆ... ಹಾಗೆ ಓದಿ ನೋಡಿದರೆ, ನೀವು ಹಾಕುವುದರಲ್ಲಿ ಎಷ್ಟು ಉಳಿದೀತು?